ಹಾಡು ನಿಮ್ಮದು, ಹೆಸರು ಯಾರದು?

ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ

ಇವತ್ತಿನ ಕಥೆ ಶುರುವಾಗೋದು ಒಂದು ಫೋನ್ ಕಾಲ್‌ನಿಂದ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಸಾಗರದಿಂದ ನನ್ನ ಗೆಳೆಯ ಫೋನ್ ಮಾಡಿದ. ಹಗಲು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೀತಾನೆ, ರಾತ್ರಿ ಗಿಟಾರ್ ಹಿಡೀತಾನೆ. ಕಾಲೇಜಿನ ದಿನಗಳಿಂದಲೂ ಹಾಡು ಕಟ್ಟೋ ಹುಚ್ಚು. "ಮಾರಾಯ, ಯೂಟ್ಯೂಬಲ್ಲಿ ನನ್ನ ಹಾಡಿಗೆ ಯಾರೋ ಕಾಪಿರೈಟ್ ಕ್ಲೇಮ್ ಹಾಕಿದಾರೆ" ಅಂದ. "ಯಾರ ಟ್ಯೂನ್ ಎತ್ಕೊಂಡಿದ್ಯೋ?" ಅಂತ ನಾನು ತಮಾಷೆ ಮಾಡಿದೆ. ಅವನು ನಗಲಿಲ್ಲ. "ಯಾರದ್ದೂ ಅಲ್ಲ. ನಂದೇ ಹಾಡು. ಬರೆದದ್ದು ನಾನು, ರಾಗ ಹಾಕಿದ್ದು ನಾನು, ಹಾಡಿದ್ದೂ ನಾನೇ."

ಆಗಿದ್ದು ಇಷ್ಟು. ಹಿಂದಿನ ವರ್ಷ ಅವನು ಆ ಹಾಡನ್ನ ರೀಲ್ಸ್‌ನಲ್ಲಿ ಹಾಕಿದ್ದ. ಯಾರೋ ಅದರ ಆಡಿಯೊ ಇಳಿಸ್ಕೊಂಡು, ಕೆಳಗೆ ಒಂದಷ್ಟು ಡ್ರಮ್ಸ್ ಸೇರಿಸಿ, ತಮ್ಮ ಹೆಸರಲ್ಲಿ ಎಲ್ಲಾ ಮ್ಯೂಸಿಕ್ ಆ್ಯಪ್‌ಗಳಿಗೂ ಬಿಟ್ಟಿದ್ರು. ಇವನು ಪೂರ್ತಿ ಹಾಡನ್ನ ಯೂಟ್ಯೂಬಿಗೆ ಏರಿಸಿದಾಗ, ಅಲ್ಲಿನ ಯಂತ್ರ ಎರಡನ್ನೂ ಹೋಲಿಸಿ ನೋಡಿ, ಹಾಡು ಕಟ್ಟಿದವನನ್ನೇ ಕಳ್ಳ ಅಂದುಬಿಡ್ತು.

"ನಿನ್ನ ಹತ್ರ ಪ್ರೂಫ್ ಏನಿದೆ?" ಅಂತ ಕೇಳಿದೆ. ಆ ಕಡೆ ಮಳೆ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆಮೇಲೆ ಅಂದ, "2019ರಲ್ಲಿ ನಮ್ಮ ವಾಟ್ಸಾಪ್ ಗ್ರೂಪಿಗೆ ಒಂದು ವಾಯ್ಸ್ ನೋಟ್ ಕಳಿಸಿದ್ದೆ. ನಿನ್ನ ಫೋನಲ್ಲಿ ಇದೆಯಾ?" ಇರಲಿಲ್ಲ. ನಾನು ಅಷ್ಟರಲ್ಲಿ ಎರಡು ಫೋನ್ ಬದಲಾಯಿಸಿದ್ದೆ.

ಅವತ್ತು ನಿದ್ದೆ ಬರಲಿಲ್ಲ. ನಾನು ಓದಿದ್ದು ಬಿಕಾಂ. ನಮಗೆ ರಾಯಲ್ಟಿ ಅಕೌಂಟ್ಸ್ ಅಂತ ಒಂದು ಚಾಪ್ಟರ್ರೇ ಇತ್ತು. ಬಿಕಾಂನವರಿಗೆ ನೆನಪಿರಬಹುದು: ಮಿನಿಮಮ್ ರೆಂಟ್, ಶಾರ್ಟ್ ವರ್ಕಿಂಗ್ಸ್, ಲೆಸ್ಸರ್, ಲೆಸ್ಸಿ. ಆದ್ರೆ ಲೆಕ್ಕ ಯಾವಾಗಲೂ ಕಲ್ಲಿದ್ದಲ ಗಣಿಯದ್ದೇ. ಟನ್ನಿಗೆ ಇಷ್ಟು ರೂಪಾಯಿ ಅಂತ. ಹಾಡಿಗೂ ರಾಯಲ್ಟಿ ಇರುತ್ತೆ, ಅದಕ್ಕೂ ಒಬ್ಬ ಮಾಲೀಕ ಇರ್ತಾನೆ ಅನ್ನೋ ಲೆಕ್ಕ ನಾನಂತೂ ಒಂದೂ ಮಾಡಿಲ್ಲ. ಹಾಗಾಗಿ ಓದೋಕೆ ಕೂತೆ. ಹಾಡು ಅನ್ನೋದು ಆಸ್ತಿ ಆಗಿದ್ದು ಯಾವಾಗ? ಅದಕ್ಕೆ ಮಾಲೀಕ ಯಾರು ಅಂತ ತೀರ್ಮಾನ ಮಾಡಿದ್ದು ಯಾರು? ಬನ್ನಿ, ಮೊದಲಿಂದ ನೋಡೋಣ.

ಕಾಪಿರೈಟ್ ಅನ್ನೋ ಪದ ಬರೋ ಎಷ್ಟೋ ಶತಮಾನ ಮೊದಲೇ ನಮ್ಮವರು ಒಂದು ಉಪಾಯ ಮಾಡಿದ್ರು. ಅಂಕಿತ. ಬಸವಣ್ಣನ ವಚನ ಅಂದ್ರೆ ಅಲ್ಲಿ ಕೂಡಲಸಂಗಮದೇವ ಇರ್ತಾನೆ, ಅಕ್ಕನ ವಚನ ಅಂದ್ರೆ ಚೆನ್ನಮಲ್ಲಿಕಾರ್ಜುನ. ಪುರಂದರ ವಿಠಲ ಅಂದ ಕೂಡಲೇ ಪುರಂದರದಾಸರು, ಕಾಗಿನೆಲೆ ಆದಿಕೇಶವ ಅಂದ ಕೂಡಲೇ ಕನಕದಾಸರು. ಅವರಿಗೆ ಅದು ಭಕ್ತಿ, ದೇವರಿಗೆ ಒಪ್ಪಿಸೋ ರೀತಿ. ಆದ್ರೆ ಅದರಿಂದ ಇನ್ನೊಂದು ಕೆಲಸವೂ ಆಯ್ತು. ಕಾಗದ ಇಲ್ಲದೆ, ಬಾಯಿಂದ ಬಾಯಿಗೆ ಹೋಗೋ ಹಾಡಲ್ಲಿ ಕಟ್ಟಿದವರ ಗುರುತು ಹಾಡಿನ ಒಳಗೇ ಕೂತಿತ್ತು. ಕಿತ್ತು ಹಾಕಬೇಕು ಅಂದ್ರೆ ಹಾಡನ್ನೇ ಒಡೀಬೇಕು.

ಅಂಕಿತಕ್ಕೂ ಒಂದು ಮಿತಿ ಇದೆ. ಯಾರು ಬೇಕಾದ್ರೂ ಹಾಡು ಕಟ್ಟಿ ದೊಡ್ಡವರ ಅಂಕಿತ ಸೇರಿಸಬಹುದು. ಹಾಗಾಗಿಯೇ ಕೆಲವು ಕೀರ್ತನೆಗಳು ನಿಜವಾಗಿ ಯಾರವು ಅಂತ ವಿದ್ವಾಂಸರು ಇವತ್ತಿಗೂ ಚರ್ಚೆ ಮಾಡ್ತಾರೆ. ಇನ್ನೊಂದು, ಅಂಕಿತ ಹೆಸರು ಉಳಿಸುತ್ತೆ, ದುಡ್ಡು ಕೊಡಿಸಲ್ಲ. ಅವರಿಗೆ ಬೇಕಿದ್ದೂ ದುಡ್ಡಲ್ಲ ಬಿಡಿ.

ದುಡ್ಡಿನ ಪ್ರಶ್ನೆ ಎದ್ದಿದ್ದು ಅಚ್ಚಿನ ಯಂತ್ರ ಬಂದ ಮೇಲೆ, ಯುರೋಪಿನಲ್ಲಿ. 1710ರಲ್ಲಿ ಇಂಗ್ಲೆಂಡಿನಲ್ಲಿ ಆನ್ ರಾಣಿಯ ಕಾಲದ ಕಾನೂನು ಪುಸ್ತಕ ಬರೆದವರಿಗೆ ಹಕ್ಕು ಕೊಡ್ತು. ಪುಸ್ತಕಕ್ಕೆ, ಸರಿ. ಸಂಗೀತಕ್ಕೆ? ಅದರ ಬಗ್ಗೆ ಕಾನೂನಿನಲ್ಲಿ ಒಂದು ಮಾತೂ ಇರಲಿಲ್ಲ. ಲಂಡನ್ನಿನಲ್ಲಿದ್ದ ಯೋಹಾನ್ ಕ್ರಿಶ್ಚಿಯನ್ ಬಾಖ್, ಅಂದ್ರೆ ಪ್ರಸಿದ್ಧ ಬಾಖ್ ಅವರ ಮಗ, ತನ್ನ ರಚನೆಗಳನ್ನ ಕೇಳದೆ ಅಚ್ಚು ಹಾಕಿದ ಪ್ರಕಾಶಕರ ಮೇಲೆ ಕೇಸ್ ಹಾಕಿದ. 1777ರಲ್ಲಿ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ತೀರ್ಪು ಕೊಟ್ಟರು: ಸಂಗೀತವನ್ನೂ ಚಿಹ್ನೆಗಳಲ್ಲಿ ಬರೀತಾರೆ, ಹಾಗಾಗಿ ಅದೂ ಬರಹವೇ. ಹಾಡು ಆಸ್ತಿಯಾದ ದಾರಿಯಲ್ಲಿ ಇದು ದೊಡ್ಡ ಹೆಜ್ಜೆ. ಆದ್ರೆ ಅದರ ಒಳಗೆ ಒಂದು ಷರತ್ತು ಅವಿತುಕೊಂಡಿದೆ, ಗಮನಿಸಿದ್ರಾ? ಬರೆದಿದ್ರೆ ಮಾತ್ರ ನಿಮ್ಮದು. ಈ ಷರತ್ತು ನೆನಪಿಟ್ಕೊಳ್ಳಿ, ನಮ್ಮ ದೇಶಕ್ಕೂ ಬರುತ್ತೆ.

ಮುಂದಿನ ನಿಲ್ದಾಣ ಪ್ಯಾರಿಸ್, 1847. ಅರ್ನೆಸ್ಟ್ ಬೂರ್ಜೆ ಅನ್ನೋ ಹಾಡು ಬರೆಯುವವನು ಗೆಳೆಯರ ಜೊತೆ ಒಂದು ಕೆಫೆಗೆ ಹೋದ. ಅಲ್ಲಿ ಇವರದ್ದೇ ಹಾಡು ನುಡಿಸ್ತಾ ಇದ್ರು. ಕುಡಿದದ್ದಕ್ಕೆ ಬಿಲ್ ಬಂದಾಗ ಇವರು ಕೊಡಲ್ಲ ಅಂದ್ರು. ನೀವು ನಮ್ಮ ಹಾಡಿಗೆ ದುಡ್ಡು ಕೊಡ್ತಿಲ್ಲ, ನಾವು ನಿಮ್ಮ ಶರಬತ್ತಿಗೆ ಯಾಕೆ ಕೊಡಬೇಕು ಅನ್ನೋ ವಾದ. ವಿಷಯ ಕೋರ್ಟಿಗೆ ಹೋಯ್ತು, ಹಾಡಿನವರು ಗೆದ್ದರು. ಆದ್ರೆ ಒಬ್ಬನೇ ಎಷ್ಟು ಕೆಫೆ ಸುತ್ತೋಕಾಗುತ್ತೆ? ಅದಕ್ಕೇ 1851ರಲ್ಲಿ ಸಾಸೆಮ್ ಅನ್ನೋ ಸಂಘ ಹುಟ್ಟಿತು. ಎಲ್ಲರ ಪರವಾಗಿ ದುಡ್ಡು ವಸೂಲಿ ಮಾಡಿ ಹಂಚೋ ಸಂಘ. ಇವತ್ತಿಗೂ ಇದೆ. ನಮ್ಮಲ್ಲಿ ಅದೇ ಕೆಲಸ ಮಾಡೋದು ಐಪಿಆರ್‌ಎಸ್, ಅದರ ವಿಷಯಕ್ಕೆ ಬರ್ತೀನಿ.

ಅಷ್ಟರಲ್ಲಿ ಇನ್ನೊಂದು ಯಂತ್ರ ಬಂತು. ಗ್ರಾಮಫೋನ್. 1902ರ ನವೆಂಬರ್, ಕಲ್ಕತ್ತಾ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಹೋಟೆಲ್ ಕೋಣೆಯಲ್ಲಿ ರೆಕಾರ್ಡಿಂಗ್ ಯಂತ್ರ ಇಟ್ಕೊಂಡು ಕೂತಿದಾನೆ. ಹಾಡೋಕೆ ಬಂದವರು ಆ ಕಾಲದ ದೊಡ್ಡ ಹೆಸರು, ಗೌಹರ್ ಜಾನ್. ಗಂಟೆಗಟ್ಟಲೆ ಹಾಡೋ ಸಂಗೀತವನ್ನ ಮೂರು ನಿಮಿಷಕ್ಕೆ ಇಳಿಸಿ ಹಾಡಿದ್ರು. ಹಾಡಿನ ಕೊನೆಗೆ ಜೋರಾಗಿ ಇಂಗ್ಲಿಷಿನಲ್ಲಿ, ನನ್ನ ಹೆಸರು ಗೌಹರ್ ಜಾನ್ ಅಂತ ಘೋಷಣೆ. ಯಾಕೆ ಗೊತ್ತಾ? ರೆಕಾರ್ಡ್ ಒತ್ತೋದು ಜರ್ಮನಿಯ ಹ್ಯಾನೋವರ್‌ನಲ್ಲಿ. ಯಾವ ಡಿಸ್ಕ್ ಯಾರದ್ದು ಅಂತ ಅಲ್ಲಿಯವರಿಗೆ ಗೊತ್ತಾಗಬೇಕಿತ್ತು. ಅದು ಆ ಕಾಲದ ಮೆಟಾಡೇಟಾ. ಅಥವಾ ನಮ್ಮ ಮಾತಲ್ಲಿ, ಅಂಕಿತ.

ಆದ್ರೆ ಆ ಹೆಸರಿಗೆ ಕಾನೂನಿನಲ್ಲಿ ಯಾವ ಬೆಲೆಯೂ ಇರಲಿಲ್ಲ. ಹಾಡುವವರಿಗೆ ಅಂತ ಒಂದು ಹಕ್ಕು ಭಾರತದ ಕಾನೂನಿಗೆ ಸೇರಿದ್ದು 1994ರಲ್ಲಿ. ಲೆಕ್ಕ ಹಾಕಿ, 92 ವರ್ಷ. ಗೌಹರ್ ಜಾನ್ ಅವರ ಕೊನೆಯ ದಿನಗಳು ನಮ್ಮ ಮೈಸೂರಿನಲ್ಲಿ ಕಳೆದವು. ನಾಲ್ವಡಿ ಕೃಷ್ಣರಾಜ ಒಡೆಯರ್ ಆಸ್ಥಾನದ ಆಶ್ರಯದಲ್ಲಿದ್ದ ಅವರು 1930ರ ಜನವರಿ 17ರಂದು ಅಲ್ಲೇ ತೀರಿಕೊಂಡರು. ನೂರಾರು ರೆಕಾರ್ಡ್ ಕೊಟ್ಟವರು. ಸಿರಿವಂತಿಕೆ ನೋಡಿ, ಅದನ್ನ ಕಳ್ಕೊಂಡೂ ನೋಡಿದವರು. ಕೊನೆಗೆ ಅವರಿಗೆ ಆಸರೆಯಾಗಿದ್ದು ಒಬ್ಬ ರಾಜ. ಹಾಡಿದ ಹಾಡುಗಳ ಹಕ್ಕಲ್ಲ.

ಈಗ ಕಾನೂನು. 1914ರಲ್ಲಿ ಬ್ರಿಟಿಷರ 1911ರ ಕಾಯ್ದೆಯನ್ನೇ ಸ್ವಲ್ಪ ಬದಲಾಯಿಸಿ ಇಲ್ಲಿ ಜಾರಿ ಮಾಡಿದ್ರು. ಸ್ವಾತಂತ್ರ್ಯ ಬಂದ ಮೇಲೆ ನಮ್ಮದೇ ಕಾಪಿರೈಟ್ ಕಾಯ್ದೆ ಬಂದಿದ್ದು 1957ರಲ್ಲಿ, ಜಾರಿಯಾಗಿದ್ದು 1958ರ ಜನವರಿಯಲ್ಲಿ. ಅದರಲ್ಲಿ ಸಂಗೀತ ಕೃತಿ ಅಂದ್ರೆ ಏನು ಅಂತ ಒಂದು ವ್ಯಾಖ್ಯೆ ಇತ್ತು: ಅಚ್ಚಾಗಿರಬೇಕು, ಬರೆದಿರಬೇಕು, ಇಲ್ಲಾ ಯಾವುದಾದರೂ ರೂಪದಲ್ಲಿ ಚಿಹ್ನೆಯಾಗಿ ಮೂಡಿರಬೇಕು. ನೋಡಿ, ಲಂಡನ್ನಿನ ಷರತ್ತು ಬಂದೇ ಬಿಡ್ತು. ಗುರುವಿನ ಎದುರು ಕೂತು ಕೇಳಿ ಕಲಿಯೋ ದೇಶ ಇದು. ಸೋಬಾನೆ ಪದ, ಬೀಸುಕಲ್ಲಿನ ಪದ, ಗೀಗೀ ಪದ ಎಲ್ಲ ಬಾಯಲ್ಲೇ ಬದುಕಿದ ಊರುಗಳು. ಇಲ್ಲಿ ಬರೆದ ಸ್ವರ ಮಾತ್ರ ಸಂಗೀತ ಅಂತ ಕಾನೂನು ಹೇಳ್ತಿತ್ತು. ಇದು ಬದಲಾಗಿದ್ದೂ 1994ರ ತಿದ್ದುಪಡಿಯಲ್ಲೇ. ಜಾರಿ ಆಗಿದ್ದು 1995ರ ಮೇ ತಿಂಗಳಲ್ಲಿ. ಆಮೇಲೆ ಸ್ವರಲಿಪಿ ಇರಲಿ ಬಿಡಲಿ, ಸಂಗೀತ ಸಂಗೀತವೇ.

ಅಷ್ಟರಲ್ಲಿ ಸಿನಿಮಾದವರ ಜಗಳ ಬೇರೆ ನಡೀತಿತ್ತು. 1960ರ ದಶಕದಲ್ಲಿ ಲತಾ ಮಂಗೇಶ್ಕರ್ ಹಾಡುವವರಿಗೂ ರಾಯಲ್ಟಿ ಬೇಕು ಅಂತ ನಿಂತರು. ಮೊಹಮ್ಮದ್ ರಫಿ ಅದನ್ನ ಒಪ್ಪಲಿಲ್ಲ, ಇಬ್ಬರೂ ಕೆಲವು ವರ್ಷ ಜೊತೆಯಲ್ಲಿ ಹಾಡಲಿಲ್ಲ. 1969ರಲ್ಲಿ ಐಪಿಆರ್‌ಎಸ್ ಶುರುವಾಯ್ತು. ಬರೆದವರ, ಸಂಗೀತ ಕೊಟ್ಟವರ ಪರವಾಗಿ ಇಂತಿಷ್ಟು ದುಡ್ಡು ಕೊಡಿ ಅಂತ ದರಪಟ್ಟಿ ಹೊರಡಿಸಿತು. ಚಿತ್ರರಂಗದವರು ಒಪ್ಪದೆ ಕೋರ್ಟಿಗೆ ಹೋದ್ರು. 1977ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು: ನಿರ್ಮಾಪಕರು ದುಡ್ಡು ಕೊಟ್ಟು ಹಾಡು ಮಾಡಿಸಿದ್ರೆ, ಬೇರೆ ಒಪ್ಪಂದ ಇಲ್ಲದ ಹೊರತು, ಮೊದಲ ಮಾಲೀಕರು ನಿರ್ಮಾಪಕರೇ. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬೇರೆಯಾಗಿ ಒಂದು ಟಿಪ್ಪಣಿ ಬರೆದು, ಹಾಡುವವರಿಗೆ ಹಕ್ಕೇ ಇಲ್ಲದಿರೋದು ಸರಿಯಲ್ಲ, ಕಾನೂನು ತಿದ್ದಬೇಕು ಅಂದಿದ್ದರು.

ಬೇರೆ ಒಪ್ಪಂದ ಇಲ್ಲದ ಹೊರತು. ಈ ನಾಲ್ಕು ಪದಗಳ ಮೇಲೆ ಎಷ್ಟು ಜನರ ಬದುಕು ನಿಂತಿತ್ತು ಯೋಚನೆ ಮಾಡಿ. ಹೊಸದಾಗಿ ಬಂದವನು ಚಾನ್ಸ್ ಸಿಕ್ಕಿದ್ದೇ ದೊಡ್ಡದು ಅಂದ್ಕೊಂಡು ಕೊಟ್ಟ ಕಾಗದಕ್ಕೆ ಸಹಿ ಹಾಕ್ತಾನೆ. ಆಮೇಲೆ ಕ್ಯಾಸೆಟ್ ಬಂತು, ಸಿಡಿ ಬಂತು, ಕಾಲರ್ ಟ್ಯೂನ್ ಬಂತು. ಸಹಿ ಹಾಕಿದಾಗ ಹುಟ್ಟೇ ಇರದ ಯಂತ್ರಗಳ ದುಡ್ಡೂ ಆ ಸಹಿಯ ಜೊತೆ ಹೊರಟುಹೋಯ್ತು.

2012ರಲ್ಲಿ ಇದಕ್ಕೆ ಒಂದು ಕಡಿವಾಣ ಬಿತ್ತು. ರಾಜ್ಯಸಭೆಯಲ್ಲಿದ್ದ ಗೀತರಚನಕಾರ ಜಾವೇದ್ ಅಖ್ತರ್ ಇದಕ್ಕಾಗಿ ಗಟ್ಟಿಯಾಗಿ ದನಿ ಎತ್ತಿದವರು. ಆ ತಿದ್ದುಪಡಿಯಲ್ಲಿ ನಮ್ಮ ನಿಮ್ಮಂಥವರಿಗೆ ಮುಖ್ಯವಾದದ್ದು ಎರಡು. ಒಂದು, ಸಹಿ ಹಾಕೋ ಕಾಲಕ್ಕೆ ಇಲ್ಲದ ಮಾಧ್ಯಮಕ್ಕೆ ಆ ಒಪ್ಪಂದ ಅನ್ವಯಿಸಲ್ಲ, ಅದನ್ನ ಹೆಸರಿಸಿ ಬರೆದಿದ್ರೆ ಮಾತ್ರ ಅನ್ವಯ. ಎರಡು, ಬರೆದವರು ಮತ್ತು ಸಂಗೀತ ಕೊಟ್ಟವರು ರಾಯಲ್ಟಿಯಲ್ಲಿ ತಮಗೆ ಬರೋ ಸಮಪಾಲನ್ನ ಲೇಬಲ್ಲಿಗೆ ಬಿಟ್ಟುಕೊಡೋ ಹಾಗಿಲ್ಲ. ವಾರಸುದಾರರಿಗೆ, ಇಲ್ಲಾ ಐಪಿಆರ್‌ಎಸ್‌ನಂಥ ಸಂಘಕ್ಕೆ ಮಾತ್ರ ಬರೆದುಕೊಡಬಹುದು. ನೀವೇ ಬಿಟ್ಟೆ ಅಂತ ಸಹಿ ಹಾಕಿದ್ರೂ ಅದು ನಡೆಯಲ್ಲ. ಸಿನಿಮಾ ಹಾಡಿಗೆ ಮಾತ್ರ ಅಲ್ಲ, ಸಿನಿಮಾ ಅಲ್ಲದ ಆಲ್ಬಂ, ಸಿಂಗಲ್ ಹಾಡಿಗೂ ಈ ರಕ್ಷಣೆ ಇದೆ.

ಇಷ್ಟೆಲ್ಲಾ ಆದ ಮೇಲೂ ಜಗಳ ನಿಂತಿಲ್ಲ. ನಮಗೆಲ್ಲ ನೆನಪಿರೋ ಒಂದು ಉದಾಹರಣೆ. 2022ರಲ್ಲಿ ಕಾಂತಾರ ಬಂತು, ವರಾಹ ರೂಪಂ ಎಲ್ಲರ ಮೈ ಜುಮ್ ಅನ್ನಿಸ್ತು. ಕೇರಳದ ತೈಕ್ಕುಡಂ ಬ್ರಿಡ್ಜ್ ಬ್ಯಾಂಡ್ ಇದು ನಮ್ಮ ನವರಸಂ ಹಾಡಿನ ಹಾಗಿದೆ ಅಂತ ಕೋರ್ಟಿಗೆ ಹೋಯ್ತು. ಆ ಹಾಡಿನ ಹಕ್ಕು ತನ್ನ ಬಳಿ ಇದೆ ಅಂತ ಮಾತೃಭೂಮಿ ಸಂಸ್ಥೆಯೂ ಹೋಯ್ತು. ತಾತ್ಕಾಲಿಕ ತಡೆ ಬಿತ್ತು, ನವೆಂಬರ್‌ನಲ್ಲಿ ಸಿನಿಮಾ ಒಟಿಟಿಗೆ ಬಂದಾಗ ಆ ಜಾಗದಲ್ಲಿ ಬೇರೆ ಟ್ಯೂನ್ ಇತ್ತು. ಎಷ್ಟು ಜನ ಬೇಜಾರಾದ್ರು ನೆನಪಿದೆಯಾ? ಆಮೇಲೆ ತಡೆ ತೆರವಾಗಿ ಹಳೇದು ವಾಪಸ್ ಬಂತು. ಸಂಗೀತ ನಿರ್ದೇಶಕ ಅಜನೀಶ್ ಲೋಕನಾಥ್ ಕಾಪಿ ಆರೋಪ ಒಪ್ಪಲಿಲ್ಲ. ರಾಗ ಒಂದೇ ಆದ್ರೆ ಹಾಗೆ ಕೇಳಿಸುತ್ತೆ ಅನ್ನೋದು ಆ ಕಡೆಯ ಮಾತು. ಯಾರು ಸರಿ ಅಂತ ನಾನು ಹೇಳೋಕೆ ಹೋಗಲ್ಲ. ಆದ್ರೆ ಒಂದು ನಿಯಮ ತಿಳ್ಕೊಳ್ಳಿ: ರಾಗ ಯಾರ ಆಸ್ತಿಯೂ ಅಲ್ಲ, ತಾಳವೂ ಅಲ್ಲ. ಆ ರಾಗದಲ್ಲಿ ನೀವು ಕಟ್ಟಿದ ಟ್ಯೂನ್ ಮಾತ್ರ ನಿಮ್ಮದು.

ಇನ್ನೊಂದು ಪ್ರಶ್ನೆ ನನಗೆ ಬಹಳ ಜನ ಕೇಳ್ತಾರೆ. ಹಳೇ ಕವನಕ್ಕೆ ನಾನು ಟ್ಯೂನ್ ಹಾಕಬಹುದಾ ಅಂತ. ನಮ್ಮಲ್ಲಿ ಹಕ್ಕು ಇರೋದು ಬರೆದವರ ಜೀವಮಾನ, ಅದರ ಮೇಲೆ 60 ವರ್ಷ. ಮೊದಲು 50 ಇತ್ತು. 1941ರಲ್ಲಿ ತೀರಿಕೊಂಡ ಟ್ಯಾಗೋರ್ ಅವರ ಕೃತಿಗಳ ಅವಧಿ ಮುಗಿಯೋ ಹೊತ್ತಿಗೆ 1992ರಲ್ಲಿ ಅದನ್ನ 60 ಮಾಡಿದ್ರು. ಪುರಂದರದಾಸರ ಪದ, ಶಿಶುನಾಳ ಶರೀಫರ ಪದ ಯಾರು ಬೇಕಾದ್ರೂ ಹಾಡಬಹುದು. ಬೇಂದ್ರೆಯವರು ತೀರಿಕೊಂಡಿದ್ದು 1981ರಲ್ಲಿ, ಅಂದ್ರೆ 2041ರ ಕೊನೆಯವರೆಗೂ ಅನುಮತಿ ಬೇಕು. ಕುವೆಂಪು 1994, ಹಾಗಾಗಿ 2054. ಶರೀಫರ ಪದ ಹಳೇದಾದ್ರೂ ಅದನ್ನ ಈಗ ಯಾರೋ ಹಾಡಿ ರೆಕಾರ್ಡ್ ಮಾಡಿದ್ರೆ ಆ ರೆಕಾರ್ಡಿಂಗ್ ಅವರದ್ದು. ಅದನ್ನ ಎತ್ಕೊಂಡು ರೀಮಿಕ್ಸ್ ಮಾಡೋ ಹಾಗಿಲ್ಲ.

ಸರಿ, ನಿಮ್ಮ ಹಾಡಿಗೆ ಬರೋಣ. ಮೊದಲನೇ ಮಾತು: ಹಾಡು ಕಟ್ಟಿ ರೆಕಾರ್ಡ್ ಮಾಡಿದ, ಇಲ್ಲಾ ಬರೆದಿಟ್ಟ ಕ್ಷಣದಲ್ಲೇ ಕಾಪಿರೈಟ್ ನಿಮ್ಮದು. ಅರ್ಜಿ ಬೇಡ, ಫೀಸ್ ಬೇಡ. ಹಾಗಾದ್ರೆ ನೋಂದಣಿ ಯಾಕೆ? ಜಗಳ ಬಂದಾಗ ತೋರಿಸೋಕೆ. ನೋಂದಣಿ ಪುಸ್ತಕದಲ್ಲಿ ನಿಮ್ಮ ಹೆಸರಿದ್ರೆ ಕೋರ್ಟ್ ಅದನ್ನ ಮೇಲ್ನೋಟದ ಸಾಕ್ಷಿ ಅಂತ ಒಪ್ಪುತ್ತೆ. ಅದನ್ನ ಸುಳ್ಳು ಅಂತ ತೋರಿಸೋ ಭಾರ ಎದುರು ಪಾರ್ಟಿಯ ಮೇಲೆ ಬೀಳುತ್ತೆ. ನಮಗೆ ನಾವೇ ರಿಜಿಸ್ಟರ್ಡ್ ಪೋಸ್ಟ್ ಕಳಿಸ್ಕೊಂಡ್ರೆ ಸಾಕು ಅಂತ ಒಂದು ಮಾತು ಓಡಾಡುತ್ತಲ್ಲ, ಅದಕ್ಕೆ ಈ ಬಲ ಇಲ್ಲ.

ಎರಡನೇದು: ಒಂದು ಹಾಡಲ್ಲಿ ಒಂದೇ ಕಾಪಿರೈಟ್ ಇರಲ್ಲ. ಸಾಹಿತ್ಯ ಒಂದು, ಟ್ಯೂನ್ ಇನ್ನೊಂದು, ರೆಕಾರ್ಡಿಂಗ್ ಮತ್ತೊಂದು. ದೆಹಲಿಯ ಕಾಪಿರೈಟ್ ಆಫೀಸಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. 2013ರ ನಿಯಮಗಳ ಪ್ರಕಾರ ಸಾಹಿತ್ಯಕ್ಕೆ 500 ರೂಪಾಯಿ, ಟ್ಯೂನ್‌ಗೆ 500, ರೆಕಾರ್ಡಿಂಗ್‌ಗೆ 2000. ಒಂದು ಡೈರಿ ನಂಬರ್ ಬರುತ್ತೆ, ಯಾರಾದ್ರೂ ಆಕ್ಷೇಪ ಹಾಕ್ತಾರಾ ಅಂತ 30 ದಿನ ಕಾಯ್ತಾರೆ, ಆಮೇಲೆ ಪರಿಶೀಲನೆ. ಜೊತೆಯಲ್ಲಿ ಬೇರೆಯವರು ಕೆಲಸ ಮಾಡಿದ್ರೆ ಅವರ ಎನ್‌ಒಸಿ ಬೇಕಾಗುತ್ತೆ. ಕೈಯಲ್ಲಿ ದುಡ್ಡು ಕಡಿಮೆ ಇದ್ರೆ ಮೊದಲು ಸಾಹಿತ್ಯ, ಟ್ಯೂನ್ ಮಾಡಿಸಿ ಅಂತ ನಾನು ಹೇಳೋದು. ರೆಕಾರ್ಡಿಂಗ್ ಇನ್ನೊಂದು ಸಲ ಮಾಡಬಹುದು.

ಮೂರನೇದು ಕಾಸು ಖರ್ಚಿಲ್ಲದ ಕೆಲಸ. ಹಾಡು ಮುಗಿದ ದಿನವೇ ಬ್ಯಾಂಡಿನವರೆಲ್ಲ ಕೂತು ಒಂದು ಹಾಳೆಯಲ್ಲಿ ಬರೀರಿ: ಸಾಹಿತ್ಯ ಯಾರದು, ಟ್ಯೂನ್ ಯಾರದು, ಯಾರಿಗೆ ನೂರಕ್ಕೆ ಎಷ್ಟು. ಎಲ್ಲರೂ ಸಹಿ ಹಾಕಿ, ಫೋಟೊ ತೆಗೆದು, ಇಮೇಲ್ ಮಾಡ್ಕೊಳ್ಳಿ. ಮೊದಲ ವಾಯ್ಸ್ ನೋಟ್, ಪ್ರಾಜೆಕ್ಟ್ ಫೈಲ್ ಯಾವುದನ್ನೂ ಅಳಿಸಬೇಡಿ. ಆ್ಯಪ್‌ಗಳಿಗೆ ಬಿಡುವಾಗ ಬರೆದವರ, ಸಂಗೀತ ಕೊಟ್ಟವರ ಪೂರ್ತಿ ಹೆಸರು ತುಂಬಿ. ಪ್ರತಿ ರೆಕಾರ್ಡಿಂಗ್‌ಗೂ ಐಎಸ್‌ಆರ್‌ಸಿ ಅಂತ 12 ಅಕ್ಷರ-ಅಂಕಿಗಳ ಗುರುತು ಸಿಗುತ್ತೆ, ಅದನ್ನ ಬರೆದಿಟ್ಕೊಳ್ಳಿ. ನೀವು ಬರೆಯೋರು, ಟ್ಯೂನ್ ಹಾಕೋರು ಆದ್ರೆ ಐಪಿಆರ್‌ಎಸ್ ಸದಸ್ಯರಾಗಿ.

ನಾಲ್ಕನೇದು ಒಪ್ಪಂದ. ಹಕ್ಕು ಬಿಟ್ಟುಕೊಡೋದು ಬರವಣಿಗೆಯಲ್ಲಿ, ಸಹಿಯ ಜೊತೆ ಇರಬೇಕು, ಬಾಯಿಮಾತು ನಡೆಯಲ್ಲ. ಎಷ್ಟು ವರ್ಷ ಅಂತ ಬರೆಯದಿದ್ರೆ ಕಾನೂನು ಅದನ್ನ 5 ವರ್ಷ ಅಂತ ತಗೊಳ್ಳುತ್ತೆ. ಎಲ್ಲಿಗೆ ಅಂತ ಬರೆಯದಿದ್ರೆ ಭಾರತಕ್ಕೆ ಮಾತ್ರ. ಹಾಗಾಗಿಯೇ ಲೇಬಲ್‌ನವರ ಕಾಗದದಲ್ಲಿ ಶಾಶ್ವತವಾಗಿ, ಜಗತ್ತಿನಾದ್ಯಂತ ಅಂತ ಕಂಡ್ರೆ ಅಲ್ಲಿ ನಿಲ್ಲಿ, ಪ್ರಶ್ನೆ ಕೇಳಿ. ಅಡ್ವಾನ್ಸ್ ಕೊಡ್ತೀವಿ ಅಂದ್ರೆ ಬಿಕಾಂನ ಆ ಚಾಪ್ಟರ್ ನೆನಪಿಸ್ಕೊಳ್ಳಿ. ಅದು ಬಹುಮಾನ ಅಲ್ಲ. ಮುಂದೆ ಬರೋ ರಾಯಲ್ಟಿಯಲ್ಲಿ ಮುರಿದುಕೊಳ್ಳೋ ದುಡ್ಡು, ಥೇಟ್ ಶಾರ್ಟ್ ವರ್ಕಿಂಗ್ಸ್ ಥರ.

ನನ್ನ ಗೆಳೆಯನ ಕಥೆ ಏನಾಯ್ತು? ಅದೇ ಗ್ರೂಪಿನಲ್ಲಿದ್ದ ಇನ್ನೊಬ್ಬ, ಈಗ ಶಿವಮೊಗ್ಗದಲ್ಲಿ ಮೇಷ್ಟ್ರು, ಹಳೇ ಫೋನ್ ಎಸೆಯದೆ ಡ್ರಾಯರಲ್ಲಿ ಇಟ್ಟಿದ್ದ. ಚಾರ್ಜ್ ಮಾಡಿ ಹುಡುಕಿದ. ಸಿಕ್ತು. 2019ರ ವಾಯ್ಸ್ ನೋಟ್, ಒಂದು ನಿಮಿಷ 40 ಸೆಕೆಂಡ್, ಹಿಂದೆ ಹಾಸ್ಟೆಲ್ ಫ್ಯಾನ್ ಸದ್ದು. ಅದನ್ನಿಟ್ಕೊಂಡು ಯೂಟ್ಯೂಬಲ್ಲಿ ಡಿಸ್ಪ್ಯೂಟ್ ಹಾಕಿದ. ಕ್ಲೇಮ್ ಹಾಕಿದವರಿಗೆ ಉತ್ತರ ಕೊಡೋಕೆ 30 ದಿನ ಇರುತ್ತೆ. ಅವರು ಉತ್ತರವನ್ನೇ ಕೊಡಲಿಲ್ಲ, ಕ್ಲೇಮ್ ಬಿದ್ದುಹೋಯ್ತು.

ಖುಷಿ ಪಟ್ಟು ಫೋನ್ ಮಾಡಿದೆ. ಅವನ ದನಿಯಲ್ಲಿ ಅಂಥ ಖುಷಿ ಇರಲಿಲ್ಲ. "ಬೇರೆ ಆ್ಯಪಲ್ಲಿ ಇನ್ನೂ ಅವರ ಹೆಸರೇ ಇದೆ ಕಣೋ. ನನ್ನ ತಂಗಿ ಮಗಳು ಹಾಡು ಹುಡುಕಿದ್ರೆ ಅದೇ ಮೊದಲು ಬರುತ್ತೆ. ಮಾವ, ಇದು ನಿಮ್ಮ ಹಾಡಲ್ವಾ ಅಂತ ಕೇಳ್ತಾಳೆ." ಅಲ್ಲಿಗೂ ದೂರು ಕೊಟ್ಟಿದಾನೆ, ಕಾಯ್ತಾ ಇದಾನೆ. ಸಾಹಿತ್ಯಕ್ಕೂ ಟ್ಯೂನ್‌ಗೂ ನೋಂದಣಿ ಅರ್ಜಿ ಹಾಕಿದ. ಸಾವಿರ ರೂಪಾಯಿ. ಮೊದಲೇ ಹಾಕಿದ್ರೆ ಅಷ್ಟೇ ಆಗ್ತಿತ್ತು.

ಆ ಹುಡುಗಿಯ ಪ್ರಶ್ನೆ ನನ್ನ ತಲೆಯಿಂದ ಹೋಗ್ತಾನೇ ಇಲ್ಲ. ದಾಸರು ಹಾಡಿನ ಕೊನೆಗೆ ಅಂಕಿತ ಇಟ್ಟರು. ಗೌಹರ್ ಜಾನ್ ಹೆಸರು ಕೂಗಿ ಹೇಳಿದ್ರು. ನಮ್ಮ ಕಾಲದಲ್ಲಿ ಅದೇ ಕೆಲಸಕ್ಕೆ ಒಂದು ಫಾರಂ ಇದೆ, ಒಂದು ಹಾಳೆ ಇದೆ, ಒಂದು ಸಹಿ ಇದೆ. ಈ ಸಂಚಿಕೆ ಮುಗಿದ ಮೇಲೆ ಫೋನಲ್ಲಿ ಅರ್ಧಕ್ಕೆ ನಿಂತಿರೋ ನಿಮ್ಮ ಹಾಡುಗಳ ಫೋಲ್ಡರ್ ತೆಗೀರಿ. ಒಂದೊಂದಕ್ಕೂ ಹೆಸರು, ತಾರೀಖು ಹಾಕಿ ಬೇರೆ ಕಡೆ ಒಂದು ಕಾಪಿ ಇಟ್ಕೊಳ್ಳಿ. ಇವತ್ತೇ.

ಮುಂದಿನ ವಾರ ಸಿಗೋಣ. ಹಾಡ್ತಾ ಇರಿ. ನಮಸ್ಕಾರ.